ಉಪ್ಪುನೀರಿನ ಮೀನುತೊಟ್ಟಿಗೆ ಸ್ಕಿಮ್ಮರ್ ಆರಿಸುವುದು ಹೇಗೆ?

ಅಲಂಕಾರಿಕ ಮೀನು ಸಾಕಣೆಯಲ್ಲಿ ಪಳಗಿದ ರೈತ ಬಾಂಧವರು ಉಪ್ಪುನೀರಿನ ಮೀನುಗಳನ್ನೂ ಸಾಕಲು ಬಯಸುವುದುಂಟು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನಿನ ಮರಿ ಉತ್ಪಾದನೆಯ ತಾಂತ್ರಿಕತೆಯನ್ನು ರೂಪಿಸಿದೆ. ಆದ್ದರಿಂದ ಕಡಲಿನಿಂದ ಹಿಡಿಯದ ಮರಿಗಳಿಂದಲೇ ಮೊದಲ ತೊಟ್ಟಿಯನ್ನು ಆರಂಭಿಸಬಹುದು. ಆದರೆ ನೀರು ಕೆಟ್ಟರೆ ಹಾಕಿದ ಹಣವೆಲ್ಲ ಕೆಲವೇ ದಿನಗಳಲ್ಲಿ ನಷ್ಟವಾಗುತ್ತದೆ.

ನೀರು ಕೆಡುವುದೇಕೆ?

ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಾ ಆಗಿ, ಅನಂತರ ನೈಟ್ರೈಟ್, ನೈಟ್ರೇಟ್ ಆಗಿ ಮಾರ್ಪಡುವುದು ನಿಮಗೆ ತಿಳಿದ ವಿಷಯ. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತಾಗ ತೊಟ್ಟಿಯಲ್ಲೂ ಇದೇ ನಡೆಯುತ್ತದೆ. ಹೊಲದಲ್ಲಿ ನೈಟ್ರೇಟನ್ನು ಪೈರು ಹೀರುತ್ತದೆ. ತೊಟ್ಟಿಯಲ್ಲಿ ಹೀರಲು ಪೈರಿಲ್ಲ.

ಸ್ಕಿಮ್ಮರ್ ಮಾಡುವ ಕೆಲಸ

ಆಲೆಮನೆಯಲ್ಲಿ ಕಬ್ಬಿನ ಹಾಲಿನ ಮಡ್ಡಿಯನ್ನು ಮೇಲಿನಿಂದ ತೆಗೆಯುವಂತೆ, ಸ್ಕಿಮ್ಮರ್ ಕೊಳೆಯನ್ನು ನೊರೆಯ ರೂಪದಲ್ಲಿ ತೆಗೆಯುತ್ತದೆ. ಕೊಳವೆಯೊಳಗೆ ಸಣ್ಣ ಗುಳ್ಳೆಗಳು ಏಳುತ್ತವೆ. ನೀರಿನಲ್ಲಿ ಕರಗಿದ ಸಸಾರಜನಕಾದಿ ಸಾವಯವ ವಸ್ತುಗಳು ಗುಳ್ಳೆಗಳಿಗೆ ಅಂಟಿ, ನೊರೆಯಾಗಿ ಮೇಲಿನ ಬಟ್ಟಲಿಗೆ ಬೀಳುತ್ತವೆ. ಜೊತೆಗೆ ನೀರಿಗೆ ಗಾಳಿಯೂ ದೊರೆಯುತ್ತದೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗುವುದರಿಂದ ಅಲ್ಲಿ ಈ ಸಾಧನ ಸರಿಯಾಗಿ ಕೆಲಸ ಮಾಡದು.

ಈಗಾಗಲೇ ಉಂಟಾದ ಅಮೋನಿಯಾವನ್ನು ಸ್ಕಿಮ್ಮರ್ ತೆಗೆಯದೆಂಬುದನ್ನು ಮರೆಯಬಾರದು. ಅದು ಬ್ಯಾಕ್ಟೀರಿಯಾಗಳ ಕೆಲಸ. ಅವು ನೆಲೆಗೊಳ್ಳಲು ಸಾಮಾನ್ಯವಾಗಿ 4 ರಿಂದ 6 ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ಬಿಡಬೇಕು.

ಗಾತ್ರದ ಆಯ್ಕೆ

ಮೊದಲು ನಿಜವಾದ ನೀರಿನ ಪ್ರಮಾಣವನ್ನು ಲೆಕ್ಕಹಾಕಿರಿ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಯ ಅಳತೆ 182 ಲೀಟರು. ಕಲ್ಲು, ಮರಳು ಕಳೆದರೆ ಸುಮಾರು 150 ಲೀಟರು ನೀರು ಹಿಡಿಯುತ್ತದೆ. ತಯಾರಕರು ನಮೂದಿಸುವ ಗರಿಷ್ಠ ಪ್ರಮಾಣ ಕಡಿಮೆ ಮೀನಿರುವ ತೊಟ್ಟಿಗೆ ಅನ್ವಯಿಸುತ್ತದೆ. ಆದ್ದರಿಂದ 150 ಲೀಟರು ನೀರಿಗೆ 200 ರಿಂದ 300 ಲೀಟರಿನದೆಂದು ನಮೂದಿಸಿದ ಸಾಧನ ಸೂಕ್ತ. ಅತಿ ದೊಡ್ಡದೂ ಬೇಡ. ಕೊಳೆ ಸಾಲದಿದ್ದರೆ ನೊರೆ ಬಟ್ಟಲಿನವರೆಗೆ ಏರುವುದಿಲ್ಲ. 100 ಲೀಟರಿಗಿಂತ ಚಿಕ್ಕ ತೊಟ್ಟಿಯಲ್ಲಿ ಮೀನು ಕಡಿಮೆಯಿದ್ದರೆ, ವಾರಕ್ಕೆ ಶೇ. 10 ರಿಂದ 15 ರಷ್ಟು ನೀರು ಬದಲಿಸಿದರೆ ಸಾಕು.

ವಿಧಗಳು

1. ಮರದ ಗಾಳಿಬಿಲ್ಲೆಯದು: ಬೆಲೆ ಕಡಿಮೆ. ಬಿಲ್ಲೆ ಕಟ್ಟಿಕೊಳ್ಳುವುದರಿಂದ ಆಗಾಗ್ಗೆ ಬದಲಿಸಬೇಕು.

2. ತೊಟ್ಟಿಯ ಅಂಚಿಗೆ ತೂಗುಹಾಕುವುದು: ಕೆಳತೊಟ್ಟಿ ಇಲ್ಲದವರಿಗೆ ಅನುಕೂಲ.

3. ಕೆಳತೊಟ್ಟಿಯಲ್ಲಿಡುವ ಸೂಜಿಚಕ್ರದ ಪಂಪಿನದು: ಗುಳ್ಳೆ ಸಣ್ಣದು, ಕೆಲಸ ಸಮರ್ಪಕ. ಕೆಳತೊಟ್ಟಿ ಇದ್ದವರು ಇದನ್ನೇ ಆರಿಸಬೇಕು. ತಯಾರಕರು ಸೂಚಿಸಿದ ಆಳದಲ್ಲಿಟ್ಟು, ಆವಿಯಾದಷ್ಟು ಸಿಹಿನೀರನ್ನು ಪ್ರತಿದಿನ ತುಂಬಿ ಮಟ್ಟವನ್ನು ಕಾಪಾಡಬೇಕು.

15 ವಾಟಿನ ಪಂಪು ಹಗಲೂ ರಾತ್ರಿ ನಡೆದರೆ ತಿಂಗಳಿಗೆ ಸುಮಾರು 11 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. ವಿದ್ಯುತ್ತು ಹೋದಾಗ ಮೀನಿಗೆ ಉಸಿರು ಕಟ್ಟದಂತೆ ಬ್ಯಾಟರಿಯ ಗಾಳಿಪಂಪನ್ನು ಸಿದ್ಧವಾಗಿಡಿ.

ಆರೈಕೆ

ಹೊಸ ಸ್ಕಿಮ್ಮರ್ ಹದಕ್ಕೆ ಬರಲು ಒಂದೆರಡು ವಾರ ಹಿಡಿಯುತ್ತದೆ. ನೊರೆ ಬರಲಿಲ್ಲವೆಂದು ಅವಸರಪಡಬಾರದು. ಬಟ್ಟಲು, ಕುತ್ತಿಗೆಗಳನ್ನು ವಾರಕ್ಕೊಮ್ಮೆ ತೊಳೆಯಿರಿ. ಜಿಡ್ಡು ಹಿಡಿದರೆ ನೊರೆ ಏರದು. ಸಾಬೂನು ತಾಗಿದ ಕೈಯನ್ನು ತೊಟ್ಟಿಗೆ ಹಾಕಬೇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಗಟ್ಟಿ ಹವಳಗಳು 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತ ಜೀವಿಗಳು. ಮುರುಡೇಶ್ವರದ ಬಳಿಯ ನೇತ್ರಾಣಿಯಿಂದಾಗಲಿ, ಬೇರೆಡೆಯಿಂದಾಗಲಿ ಅವನ್ನು ಕಿತ್ತು ತರುವುದು ಅಪರಾಧ. ಮಳೆಗಾಲದಲ್ಲಿ ಅಳಿವೆಯ ನೀರನ್ನೂ ಬಳಸಬೇಡಿ. ನದಿಯ ನೀರು ಸೇರಿ ಉಪ್ಪಿನಂಶ ಇಳಿದಿರುತ್ತದೆ. ಮೊದಲು ಅಳತೆ, ಅನಂತರ ಸಾಧನ, ಕೊನೆಗೆ ಮೀನು. ಈ ಕ್ರಮ ತಪ್ಪದಿದ್ದರೆ ಮೊದಲ ತೊಟ್ಟಿ ಕೈಕೊಡುವ ಸಂಭವ ಕಡಿಮೆ.