ಕಣ್ಣಿನೊಳಗಿನ ನರದ ಎಳೆಗಳನ್ನು ಮುಟ್ಟದೆ ನೋಡುವುದು ಹೇಗೆ?

ಗೆಳೆಯರೇ, ಮೊದಲು ಒಂದು ಆಟ. ನೋಟ್‌ಬುಕ್ಕಿನಲ್ಲಿ × ಗುರುತು ಹಾಕಿ. ಅದರ ಬಲಕ್ಕೆ 8 ಸೆಂ.ಮೀ. ದೂರದಲ್ಲಿ ಒಂದು ದಪ್ಪ ಚುಕ್ಕಿ ಇಡಿ. ಪುಸ್ತಕವನ್ನು ಕೈ ಚಾಚಿ ಹಿಡಿಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ × ಮಾತ್ರ ನೋಡುತ್ತಾ ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ಆದಾಗ ಚುಕ್ಕಿ ಮಾಯ!

ಯಾಕೆ ಹೀಗೆ? ಕಣ್ಣಿನ ಹಿಂಭಾಗದ ಪರದೆಗೆ ಅಕ್ಷಿಪಟ ಅಥವಾ ರೆಟಿನಾ ಅಂತ ಹೆಸರು. ಅಲ್ಲಿಂದ ಸುಮಾರು 10 ಲಕ್ಷ ನರದ ಎಳೆಗಳು ಒಂದೇ ಕಡೆ ಸೇರಿ, ಹಗ್ಗದ ಹಾಗೆ ಮಿದುಳಿಗೆ ಹೋಗುತ್ತವೆ. ಅವು ಹೊರಡುವ ಜಾಗದಲ್ಲಿ ನೋಟವಿಲ್ಲ. ಅದೇ ಕುರುಡುಚುಕ್ಕೆ. ಇಷ್ಟು ದಿನ ಅದು ನಮಗೆ ಗೊತ್ತೇ ಆಗಿರಲಿಲ್ಲ, ಅಲ್ಲವೇ? ಆ ಖಾಲಿ ಜಾಗವನ್ನು ಮಿದುಳೇ ತುಂಬಿಬಿಡುತ್ತದೆ.

ಅಪಾಯ ಇರೋದೂ ಇಲ್ಲೇ. ಗ್ಲಾಕೋಮಾ ಎಂಬ ಕಾಯಿಲೆಯಲ್ಲಿ ಈ ಎಳೆಗಳು ಸ್ವಲ್ಪ ಸ್ವಲ್ಪವಾಗಿ ಸಾಯುತ್ತವೆ. ಹೆಚ್ಚಿನವರಿಗೆ ನೋವಿಲ್ಲ, ಕಣ್ಣು ಕೆಂಪಾಗಲ್ಲ. ಸಾಮಾನ್ಯವಾಗಿ ಪಕ್ಕದ ನೋಟ ಮೊದಲು ಹೋಗೋದರಿಂದ ಪೇಪರ್ ಓದಲು ತೊಂದರೆ ಇರಲ್ಲ. ತೋಟದಲ್ಲಿ ಪಕ್ಕದ ಕೊಂಬೆ ತಾಗಿದರೆ "ವಯಸ್ಸಾಯ್ತು" ಅಂತ ಸುಮ್ಮನಾಗುತ್ತಾರೆ. ಪೊರೆ ಬಂದರೆ ಆಪರೇಷನ್ ಮಾಡಿ ನೋಟ ವಾಪಸ್ ತರಬಹುದು. ಸತ್ತ ನರದ ಎಳೆ ಮತ್ತೆ ಬರಲ್ಲ.

ಮೊದಲೇ ತಿಳಿಯಲು ಓ.ಸಿ.ಟಿ. ಎಂಬ ಯಂತ್ರವಿದೆ. ಈ ವಿಧಾನವನ್ನು 1991ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಡೇವಿಡ್ ಹುವಾಂಗ್, ಜೇಮ್ಸ್ ಫ್ಯೂಜಿಮೋಟೋ ಮತ್ತು ಸಂಗಡಿಗರು ಪ್ರಕಟಿಸಿದರು. ಬೆಟ್ಟದ ಎದುರು ನಿಂತು "ಕೂ" ಅಂದರೆ ಹತ್ತಿರದ ಬೆಟ್ಟದಿಂದ ಬೇಗ, ದೂರದ ಬೆಟ್ಟದಿಂದ ತಡವಾಗಿ ಪ್ರತಿಧ್ವನಿ ಬರುತ್ತೆ. ಹಾಗೆಯೇ ಈ ಯಂತ್ರ ಅವಕೆಂಪು ಬೆಳಕನ್ನು ಕಣ್ಣೊಳಗೆ ಕಳಿಸುತ್ತದೆ. ಒಂದೊಂದು ಪದರದಿಂದ ವಾಪಸ್ ಬರುವ ಬೆಳಕಿನಿಂದ ಅದರ ಆಳ ಲೆಕ್ಕ ಹಾಕುತ್ತದೆ. ನರದ ಬುಡದ ಸುತ್ತ ಎಳೆಗಳ ಪದರದ ದಪ್ಪ ಸುಮಾರು 0.1 ಮಿ.ಮೀ., ಅಂದರೆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು! ಅದು ಇನ್ನೂ ತೆಳುವಾದರೆ ಯಂತ್ರ ಹಿಡಿಯುತ್ತದೆ. ಸೂಜಿ ಇಲ್ಲ, ಕತ್ತರಿ ಇಲ್ಲ. ಗಲ್ಲ ಊರಿ ಒಂದು ಗುರುತು ನೋಡುತ್ತಾ ಕುಳಿತರೆ ಸಾಕು.

ನಮ್ಮ ಬೆಂಗಳೂರಿನಲ್ಲೇ 2010ರಲ್ಲಿ ಶುರುವಾದ ಫೋರಸ್ ಹೆಲ್ತ್ ಕಂಪನಿ, ಹಳ್ಳಿ ಶಿಬಿರಗಳಿಗೆ ಒಯ್ಯಬಹುದಾದ ‘3ನೇತ್ರ’ ಎಂಬ ಕ್ಯಾಮೆರಾ ಮಾಡಿದೆ. ಅದು ಪದರದ ದಪ್ಪ ಅಳೆಯಲ್ಲ, ಆದರೆ ನರದ ಬುಡದ ಫೋಟೋ ತೆಗೆಯುತ್ತದೆ. ಸಂಶಯ ಬಂದವರನ್ನು ದೊಡ್ಡಾಸ್ಪತ್ರೆಗೆ ಕಳಿಸಬಹುದು.

ಕಾಯಿಲೆ ಬೇಗ ಗೊತ್ತಾದರೆ, ದಿನಾ ಹಾಕುವ ಹನಿಮದ್ದಿನಿಂದ ಉಳಿದ ಎಳೆಗಳನ್ನು ಕಾಪಾಡಬಹುದು. ಆದ್ದರಿಂದ ಇವತ್ತು ಮನೆಗೆ ಹೋಗಿ ಹೇಳಿ: 40 ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು ಕಣ್ಣಿನ ನರ ತೋರಿಸಿಕೊಳ್ಳಲಿ. ಡಾಕ್ಟರನ್ನು ಕೇಳದೆ ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕಬೇಡಿ. ಅದರಿಂದಲೂ ಕಣ್ಣಿನ ಒತ್ತಡ ಏರಬಹುದು.

ಚುಕ್ಕಿಯ ಆಟವನ್ನು ಅಜ್ಜ-ಅಜ್ಜಿಗೂ ತೋರಿಸಿ. ನಮ್ಮ ಕಣ್ಣಿನ ಕೊರತೆ ನಮಗೇ ಕಾಣಲ್ಲ ಅನ್ನೋದು ಆಗ ಅವರಿಗೂ ತಿಳಿಯುತ್ತೆ.