ಹುಳುಮನೆಯ ಮೇಲೆ ತಗಡೋ, ಡಾಂಬರು ಹಾಳೆಯೋ?

ಯುಗಾದಿ ಕಳೆದು ಭರಣಿ ಮಳೆ ಬರುವವರೆಗಿನ ದಿನಗಳು ನಮ್ಮ ಕಡೆಯ ಚಾವಣಿಗಳಿಗೆ ಪರೀಕ್ಷೆಯ ಕಾಲ. ಹಗಲೆಲ್ಲಾ ಸುಡುವ ಬಿಸಿಲು. ಸಂಜೆಗೆ ಇದ್ದಕ್ಕಿದ್ದಂತೆ ಬಿರುಗಾಳಿ, ಅದರ ಹಿಂದೆಯೇ ಆಲಿಕಲ್ಲು. ಸೇಲಂ, ಧರ್ಮಪುರಿಗಳ ಬಯಲಲ್ಲಿ ಬಿಸಿಲಿನ ಕಾಟವೇ ದೊಡ್ಡದು. ಸುಮಾರು 900 ಮೀಟರ್ ಎತ್ತರದಲ್ಲಿರುವ ಹೊಸೂರು, ಅದರ ನೆರೆಯ ತಳಿ, ಡೆಂಕಣಿಕೋಟೆಗಳಲ್ಲಿ ಬಿಸಿಲು ತುಸು ತಗ್ಗಿದರೂ ಆಲಿಕಲ್ಲಿನ ಅಂಜಿಕೆ ಹೆಚ್ಚು. 1965ರಲ್ಲಿ ಸೇಲಂನಿಂದ ಧರ್ಮಪುರಿಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದವು. ಮೋಡಗಳು ಮಾತ್ರ ಈ ವಿಂಗಡಣೆಯನ್ನು ಒಪ್ಪಿಕೊಂಡಂತಿಲ್ಲ.

ರೇಷ್ಮೆ ಸಾಕುವ ನಮ್ಮ ರೈತರು ಹೊಸದಾಗಿ ಹುಳುಮನೆ ಕಟ್ಟಿಸುವಾಗ ಕೇಳುವ ಪ್ರಶ್ನೆ ಒಂದೇ: ಮೇಲೆ ಕಬ್ಬಿಣದ ತಗಡು ಹಾಕಿಸುವುದೋ, ಅಗ್ಗವೆಂದು ಡಾಂಬರು ಹಾಳೆಯನ್ನೇ ಹಾಕಿಸುವುದೋ? ವಾಸದ ಮನೆಯಾದರೆ ಸೆಕೆಯೆನಿಸಿದಾಗ ಜಗಲಿಗೆ ಬಂದು ಮಲಗಬಹುದು. ಹುಳುವಿಗೆ ಆ ಸೌಕರ್ಯವಿಲ್ಲ. ಚಾಕಿ ಹುಳುವಿಗೆ 27-28 ಡಿಗ್ರಿ ಉಷ್ಣತೆ ಹಿತ. ನಾಲ್ಕನೆಯ ಜ್ವರದಿಂದೆದ್ದ ದೊಡ್ಡ ಹುಳುವಿಗೆ 24-25 ಡಿಗ್ರಿ ಸಾಕು. ದೊಡ್ಡ ಹುಳುವಿನ ಮನೆ ಕಾದು ಗಾಳಿಯಾಡದಿದ್ದರೆ ಹುಳು ಸೊಪ್ಪು ಬಿಡುವುದು, ಸಪ್ಪೆ ರೋಗ, ಹಾಲುತೊಂಡೆ ರೋಗಗಳು ತಲೆಹಾಕುವುವು. ಅಷ್ಟರಲ್ಲಿ ಮೊಟ್ಟೆಯ ಹಣ, ಸೊಪ್ಪು, ಆಳಿನ ಕೂಲಿ ಎಲ್ಲವೂ ಖರ್ಚಾಗಿ, ಧರ್ಮಪುರಿಯ ಗೂಡಿನ ಮಾರುಕಟ್ಟೆಗೆ ಒಯ್ಯಲು ಉಳಿಯುವುದು ಕೆಲವೇ ಕಿಲೋ ಗೂಡು. ಆದುದರಿಂದ ಚಾವಣಿಯ ಆಯ್ಕೆಯೆಂದರೆ ಬೇಸಗೆಯ ಬೆಳೆಯ ಆಯ್ಕೆಯೇ ಸರಿ.

ಡಾಂಬರು ಚಾವಣಿಯೆಂದರೆ ಯಾವುದು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದ ಮನೆಗಳಲ್ಲಿ ಹಲಗೆಯ ಮೇಲೆ ಮೊಳೆ ಹೊಡೆದು ಕೂರಿಸುವ, ಮೇಲೆ ಕಲ್ಲಿನ ಹರಳು ಅಂಟಿಸಿದ ಡಾಂಬರು ಬಿಲ್ಲೆಗಳು ಒಂದು ಬಗೆ. ಅದಕ್ಕೆ ಕೆಳಗೆ ಪೂರ್ತಿ ಹಲಗೆ ಹಾಸು ಬೇಕು. ಹುಳುಮನೆಗೆ ಆ ಖರ್ಚು ಹೊಂದದು. ನಮ್ಮ ಅಂಗಡಿಗಳಲ್ಲಿ ಸಿಕ್ಕುವುದು ಕಾಗದದ ನಾರನ್ನು ಡಾಂಬರಿನಲ್ಲಿ ನೆನೆಸಿ ಅಲೆಅಲೆಯಾಗಿ ಒತ್ತಿದ ಹಗುರ ಹಾಳೆ. ಇನ್ನು ರಸ್ತೆ ಕೆಲಸದ ಡಾಂಬರು ಡ್ರಮ್ಮುಗಳನ್ನು ಬಿಚ್ಚಿ ಬಡಿದು ಹೊದಿಸಿದ ಗುಡಿಸಲುಗಳೂ ಉಂಟು. ಅದು ತಗಡೂ ಹೌದು, ಡಾಂಬರೂ ಹೌದು; ಆ ಬಡ ಚಾವಣಿಯ ಮಾತನ್ನು ಇಲ್ಲಿಗೇ ಬಿಡೋಣ.

ಬಿಸಿಲಿನ ವಿಚಾರ ನೋಡೋಣ. ಕಪ್ಪು ಮೈ ಬಿಸಿಲಿನ ಬಹುಭಾಗವನ್ನು ಹೀರಿಕೊಳ್ಳುವುದು. ಮೇ ತಿಂಗಳ ಮಧ್ಯಾಹ್ನ ಕಪ್ಪು ಚಾವಣಿಯ ಮೈ ಸುತ್ತಲಿನ ಗಾಳಿಗಿಂತ 30 ಡಿಗ್ರಿಯಷ್ಟು ಹೆಚ್ಚು ಕಾಯಬಲ್ಲದು. ರಸ್ತೆಗೆ ಹಾಕುವ ಡಾಂಬರು 50 ಡಿಗ್ರಿಯ ಸುಮಾರಿಗೆ ಮೆತ್ತಗಾಗುವುದನ್ನು ಬರಿಗಾಲಲ್ಲಿ ನಡೆದವರೆಲ್ಲರೂ ಬಲ್ಲರು. ಹಾಳೆಗೆ ಬಳಸುವ ಡಾಂಬರು ಅದಕ್ಕಿಂತ ಗಟ್ಟಿಯದಾದರೂ ವರ್ಷ ವರ್ಷದ ಕಾವಿಗೆ ಹಾಳೆ ರೀಪರುಗಳ ನಡುವೆ ಜೋಲುವುದು, ಜೋಲಿದಲ್ಲಿ ನೀರು ನಿಲ್ಲುವುದು. ಬಿಸಿಲಿನಲ್ಲಿ ಎಣ್ಣೆಯಂಶ ಆರಿದ ಮೇಲೆ ಅದೇ ಹಾಳೆ ಪೆಡಸಾಗುವುದು.

ತಗಡು ಕಾಯುವುದಿಲ್ಲವೇ? ಖಂಡಿತ ಕಾಯುವುದು. ಸತುವು ಲೇಪಿಸಿದ ಹೊಸ ತಗಡು ಬಿಸಿಲನ್ನು ಬಹುವಾಗಿ ಹಿಂದಕ್ಕೆ ಎಸೆದರೂ, ಹೀರಿದ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವ ಗುಣ ಅದಕ್ಕೆ ಕಡಿಮೆ. ನಾಲ್ಕು ವರ್ಷದಲ್ಲಿ ಹೊಳಪೂ ಮಾಸುವುದು. ಬಿಳಿಯ ಬಣ್ಣ ಬಳಿದ ತಗಡಿಗೆ ಈ ಎರಡು ದೋಷಗಳೂ ಇಲ್ಲ. ಹೊತ್ತು ಮುಳುಗಿದೊಡನೆ ತಗಡು ಬೇಗ ತಣಿಯುವುದೆಂಬುದು ಇನ್ನೊಂದು ಲಾಭ. ನಮ್ಮ ಹಳೆಯ ಕಲ್ಲುಚಪ್ಪಡಿ ಮನೆಗಳು ಹಗಲಿನ ಕಾವನ್ನು ಕೂಡಿಟ್ಟು ನಡುರಾತ್ರಿಯವರೆಗೂ ಒಳಕ್ಕೆ ಸುರಿಯುತ್ತಿರುವುದನ್ನು ನೆನೆದರೆ ಇದರ ಬೆಲೆ ತಿಳಿಯುವುದು. ಹೊಸ ಸತುವಿನ ತಗಡಿಗೆ ಹಸಿ ಸುಣ್ಣ ಬಳಿಯಬಾರದು; ಸುಣ್ಣ ಸತುವನ್ನು ತಿನ್ನುವುದು. ತಗಡಿಗೆಂದೇ ಮಾಡಿದ ಬಿಳಿಯ ಬಣ್ಣವನ್ನು ಬಳಿಸುವುದು, ಇಲ್ಲವೆ ಕಾರ್ಖಾನೆಯಲ್ಲೇ ತಿಳಿ ಬಣ್ಣ ಹಾಕಿದ ತಗಡನ್ನು ಕೊಳ್ಳುವುದು ಲೇಸು. ಗಾಢ ನೀಲಿ, ಕೆಂಪು ತಗಡುಗಳು ರಸ್ತೆಯಿಂದ ಅಂದವಾಗಿ ಕಾಣುವುವು, ಆದರೆ ಒಳಗಿನ ಹುಳುವಿಗೆ ಅಂದದಿಂದ ಏನು ಪ್ರಯೋಜನ?

ಇನ್ನು ಆಲಿಕಲ್ಲು. ಕಲ್ಲಿನ ಅಡ್ಡಳತೆ ಎರಡರಷ್ಟಾದರೆ ಹೊಡೆತ ಎರಡರಷ್ಟಲ್ಲ, ಸುಮಾರು 16 ಪಟ್ಟು ಆಗುವುದು. ತೂಕ ಎಂಟು ಪಟ್ಟಾಗುವುದಲ್ಲದೆ ಬೀಳುವ ವೇಗವೂ ಹೆಚ್ಚುವುದು. ಕಡಲೆಕಾಳಿನಷ್ಟರ ಕಲ್ಲು ಯಾವ ಚಾವಣಿಯನ್ನೂ ಕೆಡಿಸದು; ನಿಂಬೆಹಣ್ಣಿನಷ್ಟರದು ಹೆಂಚನ್ನು ಒಡೆಯಬಲ್ಲದು. 1888ರ ಏಪ್ರಿಲ್ 30ರಂದು ಉತ್ತರದ ಮೊರಾದಾಬಾದಿನಲ್ಲಿ ಬಿದ್ದ ಆಲಿಕಲ್ಲಿಗೆ 246 ಮಂದಿ ಬಲಿಯಾದರು. ಅಂತಹದು ನಮ್ಮಲ್ಲಿ ಬೀಳಬೇಕಾಗಿಲ್ಲ, ಹುಳುಮನೆಯ ಚಾವಣಿಗೆ ಅದರ ಹತ್ತರಲ್ಲೊಂದು ಪಾಲು ಸಾಕು. ಅಮೆರಿಕದಲ್ಲಿ ಯು.ಎಲ್. 2218 ಎಂಬ ಪರೀಕ್ಷೆಯ ಮೇಲ್ದರ್ಜೆಗೆ ಎರಡು ಅಂಗುಲದ ಉಕ್ಕಿನ ಗುಂಡನ್ನು 20 ಅಡಿ ಮೇಲಿನಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸುವರು. ಬಿರುಕು ಬಿಡದಿದ್ದರೆ ತೇರ್ಗಡೆ. ತಗಡು ಇಂತಹ ಪೆಟ್ಟಿಗೆ ತಗ್ಗು ಬೀಳುವುದೇ ಹೊರತು ಸಾಮಾನ್ಯವಾಗಿ ತೂತಾಗದು. ತಗ್ಗು ಬಿದ್ದ ತಗಡು ಸೋರುವುದಿಲ್ಲ. ಹೊಸ ಡಾಂಬರು ಹಾಳೆ ಪೆಟ್ಟನ್ನು ತಾಳಿಕೊಂಡೀತು. ಬಿಸಿಲಿಗೆ ಪೆಡಸಾದ ಹಳೆಯ ಹಾಳೆ ಹರಿಯುವುದು. ತೆಳು ತಗಡು ಅಗ್ಗವೆಂದು 0.3 ಮಿಲಿಮೀಟರಿನದನ್ನು ಕೊಳ್ಳುವವರಿದ್ದಾರೆ. ಆಲಿಕಲ್ಲಿನ ಸೀಮೆಯಲ್ಲಿ ಅರ್ಧ ಮಿಲಿಮೀಟರಿಗೆ ಕಡಿಮೆಯಾದುದು ಬೇಡವೆಂದೇ ನನ್ನ ಅಭಿಪ್ರಾಯ. ಬೆಳಕಿಗೆಂದು ನಡುನಡುವೆ ಹಾಕುವ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಬೇಗ ಪೆಡಸಾಗಿ ಎಲ್ಲಕ್ಕಿಂತ ಮೊದಲು ಒಡೆಯುವುದು. ಬೆಳಕನ್ನು ಗೋಡೆಯ ಕಿಟಕಿಯಿಂದ ಪಡೆಯುವುದೇ ಮೇಲು.

ಡಾಂಬರು ಹಾಳೆ ಅಗ್ಗವೆಂಬ ಮಾತನ್ನೂ ಲೆಕ್ಕ ಹಾಕಿ ನೋಡಬೇಕು. 50 ಅಡಿ ಉದ್ದದ, ಎರಡು ಇಳಿಜಾರಿನ, ಒಂದೊಂದು ಇಳಿಜಾರು 12 ಅಡಿಯ ಹುಳುಮನೆಯನ್ನು ತೆಗೆದುಕೊಳ್ಳಿರಿ. ಹಾಳೆ ಜೋಲದಿರಬೇಕಾದರೆ ಒಂದೂವರೆ ಅಡಿಗೊಂದು ರೀಪರು ಬೇಕು. ಅಂದರೆ ಇಳಿಜಾರಿಗೆ 9 ಸಾಲು, ಒಟ್ಟು 900 ಅಡಿ. ತಗಡಿಗಾದರೆ ನಾಲ್ಕು ಅಡಿಗೊಂದರಂತೆ 4 ಸಾಲು, ಒಟ್ಟು 400 ಅಡಿ. ಉಳಿದ 500 ಅಡಿ ಮರ ಅಥವಾ ಕಬ್ಬಿಣದ ಬೆಲೆಯನ್ನು ನಿಮ್ಮೂರ ಅಂಗಡಿಯಲ್ಲಿ ಕೇಳಿ ಹಾಳೆಯ ಬೆಲೆಗೆ ಕೂಡಿಸಿದರೆ ಅಗ್ಗವೆಷ್ಟೆಂಬುದು ತಾನಾಗಿ ತಿಳಿಯುವುದು. ಮೇವಿನ ಕೊಟ್ಟಿಗೆ, ಎರಡು ಮೂರು ವರ್ಷದ ತಾತ್ಕಾಲಿಕ ಚಪ್ಪರಗಳಿಗೆ ಡಾಂಬರು ಹಾಳೆ ಸಾಕು. ಒಲೆಯಿರುವಲ್ಲಿ ಮಾತ್ರ ಅದನ್ನು ಸರ್ವಥಾ ಹಾಕಬಾರದು. ಡಾಂಬರು ಉರಿಯುವ ವಸ್ತು.

ಆಲಿಕಲ್ಲಿನ ಜೊತೆಗೇ ಗಾಳಿಯೂ ಬರುವುದರಿಂದ ಬೋಲ್ಟುಗಳ ಕಡೆಗೂ ಗಮನವಿರಲಿ. ಬೋಲ್ಟು ಅಲೆಯ ಉಬ್ಬಿನ ಮೇಲಿರಬೇಕು, ತಗ್ಗಿನಲ್ಲಿದ್ದರೆ ಸೋರುವುದು. ಸೂರಿನ ಅಂಚಿನಲ್ಲೂ ಮೂಲೆಗಳಲ್ಲೂ ಬೋಲ್ಟುಗಳು ಒತ್ತೊತ್ತಾಗಿರಬೇಕು, ಗಾಳಿ ತಗಡನ್ನು ಮೊದಲು ಎತ್ತುವುದು ಅಲ್ಲಿಯೇ. ದನದ ಕೊಟ್ಟಿಗೆಯ ತಗಡು ಗಂಜಲದ ಆವಿಗೆ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿ ಸತುವಿನ ಲೇಪ ದಪ್ಪನಾಗಿರಲಿ.

ತಗಡೊಂದನ್ನೇ ನಂಬಿ ಕೂರುವುದೂ ಸರಿಯಲ್ಲ. ತಗಡಿನ ಕೆಳಗೆ ಒಂದು ಅಡಿ ಬಿಟ್ಟು ತೆಂಗಿನ ಗರಿಯ ಅಥವಾ ಬಿದಿರು ಚಾಪೆಯ ಒಳಚಾವಣಿ ಕಟ್ಟಿ, ನಡುವಿನ ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲಿ ಕಿಂಡಿ ಬಿಟ್ಟರೆ ಕಾವು ಕೆಳಕ್ಕೆ ಇಳಿಯುವುದು ಬಹಳ ಕಡಿಮೆಯಾಗುವುದು. ತಗಡಿನ ಮೇಲಿನ ಮಳೆಯ ಸದ್ದೂ ಅಡಗುವುದು. ಬಿಸಿಲ ಹೊತ್ತಿನಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಹಳೆಯ ಪದ್ಧತಿ ಇಂದಿಗೂ ಒಳ್ಳೆಯದೇ.

ಕಲ್ನಾರು ತಗಡಿನ ಹಳೆಯ ಹುಳುಮನೆಯುಳ್ಳವರು ಆಲಿಕಲ್ಲಿಗೆ ಬಿರಿದ ತಗಡನ್ನು ಗರಗಸದಿಂದ ಕೊಯ್ಯಬಾರದು, ಬಡಿದು ಪುಡಿ ಮಾಡಲೂಬಾರದು. ಅದರ ಧೂಳು ಪುಪ್ಪುಸಕ್ಕೆ ಮಾರಕ. ನೀರು ಚಿಮುಕಿಸಿ ಇಡಿಯಾಗಿ ಇಳಿಸತಕ್ಕದ್ದು. ಚಾವಣಿ ಬದಲಾಯಿಸುವ ಕೆಲಸವನ್ನು ಎರಡು ಬೆಳೆಗಳ ನಡುವೆ ಇಟ್ಟುಕೊಂಡು, ಬಣ್ಣದ ವಾಸನೆ ಹೋಗುವಂತೆ ಹದಿನೈದು ದಿನ ಬಾಗಿಲು ಕಿಟಕಿ ತೆರೆದಿಟ್ಟು, ಮನೆಗೆ ಸೋಂಕು ನಿವಾರಕ ಸಿಂಪಡಿಸಿದ ಮೇಲೆಯೇ ಹುಳುವನ್ನು ಒಳಗೆ ತರಬೇಕು.