ಇಪ್ಪತ್ತು ದಂಡ, ಹದಿನಾಲ್ಕು ದಂಡ: ಯಾರು ಗಟ್ಟಿ?

ಗದ್ವಾಲ ಸೀಮೆಯ ಜಾತ್ರೆಗಳಲ್ಲಿ ಎತ್ತುಗಳು ಬಂಡೆ ಎಳೆಯುವ ಸ್ಪರ್ಧೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಅಲ್ಲಿ ಎಲ್ಲ ಎತ್ತುಗಳನ್ನೂ ಒಟ್ಟಿಗೇ ಕಣಕ್ಕೆ ಬಿಡೋದಿಲ್ಲ. ಮೊದಲು ಹಲ್ಲು ನೋಡುತ್ತಾರೆ. ಹಾಲುಹಲ್ಲಿನವು ಬೇರೆ, ಎರಡು ಹಲ್ಲಿನವು ಬೇರೆ, ನಾಲ್ಕು ಹಲ್ಲಿನವು ಬೇರೆ. ಎಳೆಯ ಹೋರಿಯನ್ನು ಬಲಿತ ಎತ್ತಿನ ಪಕ್ಕ ನಿಲ್ಲಿಸಿ "ಇದಕ್ಕೆ ಕಸುವಿಲ್ಲ" ಅಂದರೆ ಯಾವ ರೈತನೂ ಒಪ್ಪೋದಿಲ್ಲ.

ಶಾಲೆಯ ಬಯಲಿನಲ್ಲಿ ಮಾತ್ರ ಈ ನ್ಯಾಯ ಕಾಣಿಸುವುದಿಲ್ಲ. ಗಿಡ್ಡ ಹುಡುಗ 20 ದಂಡ ಹೊಡೆದ, ಎತ್ತರದವನು 14ಕ್ಕೇ ಸುಸ್ತಾದ. ಕೂಡಲೇ ಮಾತು ಬರುತ್ತದೆ: "ನೋಡ್ರಿ ಸರ್, ಇಷ್ಟೆತ್ತರ ಬೆಳದಾನ, ಕೈಯಾಗ ಕಸುವೇ ಇಲ್ಲ!" ಎಲ್ಲರೂ ನಗುತ್ತಾರೆ. ಹೀಗೆ ನಗೆಗೀಡಾದ ಹುಡುಗ ಕೆಲವೊಮ್ಮೆ ಆಟದ ಪೀರಿಯಡ್‌ಗೆ ಬರೋದನ್ನೇ ಬಿಡುತ್ತಾನೆ. ಅವನು ನಿಜವಾಗಿಯೂ ನಿಶ್ಶಕ್ತನೇ? ಇದಕ್ಕೆ ಉತ್ತರ ನಿಮ್ಮ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ.

ತೋಳು ಒಂದು ಸನ್ನೆ

ಜಿಮ್‌ಗಳಲ್ಲಿ ಬೆಂಚ್ ಪ್ರೆಸ್ ಅಂತ ಒಂದು ವ್ಯಾಯಾಮ ಇದೆ. ಬೆಂಚಿನ ಮೇಲೆ ಅಂಗಾತ ಮಲಗಿ, ಭಾರದ ಕಬ್ಬಿಣದ ಸರಳನ್ನು ಎದೆಯವರೆಗೆ ಇಳಿಸಿ, ಮತ್ತೆ ಕೈ ನೇರವಾಗುವವರೆಗೆ ಮೇಲೆ ತಳ್ಳಬೇಕು. ನಾವು ಹೊಡೆಯುವ ದಂಡ, ಅಂದರೆ ಪುಷ್-ಅಪ್, ಇದರದ್ದೇ ತಿರುವುಮುರುವು ರೂಪ. ಅಲ್ಲಿ ಸರಳು ಏಳುತ್ತದೆ, ಇಲ್ಲಿ ಮೈ ಏಳುತ್ತದೆ.

ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಊರೆಲ್ಲ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ನೋಡೋಣ, ಸ್ವಲ್ಪ ಹೊತ್ತಿಗೇ ಭುಜ ಸೋಲುತ್ತದೆ. ಕೊಡದ ತೂಕ ಬದಲಾಗಲಿಲ್ಲ, ಭುಜದಿಂದ ಅದರ ದೂರ ಬದಲಾಯಿತು. ಬಲವನ್ನು ದೂರದಿಂದ ಗುಣಿಸಿದರೆ ಸಿಗುವುದೇ ತಿರುಗುಬಲ.

ಬೆಂಚ್ ಪ್ರೆಸ್‌ನಲ್ಲೂ ಹೀಗೇ. 40 ಕೆಜಿ ಭಾರ ಇದೆ ಅನ್ನೋಣ, ಒಂದೊಂದು ಕೈಗೆ 20 ಕೆಜಿ. ಸರಳು ಎದೆಯ ಹತ್ತಿರ ಬಂದಾಗ ಮುಂಗೈ ನೆಟ್ಟಗೆ ನಿಂತು, ಮೇಲ್ತೋಳು ನೆಲಕ್ಕೆ ಸಮಾಂತರವಾಗಿದೆ ಅಂತ ಇಟ್ಟುಕೊಳ್ಳಿ. ಆಗ ಭಾರವೆಲ್ಲ ಮೊಣಕೈ ಮೇಲೆ, ಆನಿಕೆ ಭುಜದ ಕೀಲು. ಮೇಲ್ತೋಳು 28 ಸೆಂ.ಮೀ. ಇದ್ದವನ ಭುಜಕ್ಕೆ ಬೀಳುವ ತಿರುಗುಬಲ 20 × 9.8 × 0.28, ಅಂದರೆ ಸುಮಾರು 55 ನ್ಯೂಟನ್-ಮೀಟರ್. 34 ಸೆಂ.ಮೀ. ಇದ್ದವನಿಗೆ ಸುಮಾರು 67. ಭಾರ ಒಂದೇ, ಆದರೆ ಉದ್ದ ತೋಳಿನವನ ಎದೆ ಮತ್ತು ಭುಜದ ಸ್ನಾಯುಗಳು ಹೆಚ್ಚು ಎಳೆಯಬೇಕು.

ಇನ್ನೊಂದು ಲೆಕ್ಕವೂ ಇದೆ. ಕೆಲಸ ಅಂದರೆ ಬಲ ಗುಣಿಸು ದೂರ. ಗಿಡ್ಡ ಕೈಯವನು 40 ಕೆಜಿಯನ್ನು 30 ಸೆಂ.ಮೀ. ಮೇಲೆತ್ತಿದರೆ ಸುಮಾರು 118 ಜೂಲ್ ಕೆಲಸ. ಉದ್ದ ಕೈಯವನು 42 ಸೆಂ.ಮೀ. ಎತ್ತಬೇಕಾದರೆ ಸುಮಾರು 165 ಜೂಲ್. ಎದೆ ಉಬ್ಬಿ ದಪ್ಪವಾಗಿದ್ದವನಿಗೆ ಈ ದೂರ ಇನ್ನೂ ಕಡಿಮೆ.

ಈ ದೂರದ ಮಹತ್ವ ಸ್ಪರ್ಧೆ ನಡೆಸುವವರಿಗೂ ಗೊತ್ತು. ಕೈಗಳನ್ನು ಬಹಳ ಅಗಲ ಮಾಡಿ ಹಿಡಿದರೆ ಸರಳು ಸಾಗುವ ದೂರ ಕಡಿಮೆಯಾಗುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ನಿಯಮದಂತೆ ತೋರುಬೆರಳುಗಳ ನಡುವೆ 81 ಸೆಂ.ಮೀ.ಗಿಂತ ಹೆಚ್ಚು ಅಂತರ ಇರುವಂತಿಲ್ಲ. ಬೆನ್ನನ್ನು ಕಮಾನಿನಂತೆ ಬಾಗಿಸಿ ದೂರ ಉಳಿಸುವವರೂ ಇದ್ದರು. ಹಾಗಾಗಿ 2023ರಿಂದ ಮೊಣಕೈ ಭುಜದ ಮಟ್ಟಕ್ಕಾದರೂ ಇಳಿಯಲೇಬೇಕು ಅನ್ನುವ ನಿಯಮ ಬಂತು.

ಮೈ ದೊಡ್ಡದಾದರೆ?

ದೊಡ್ಡ ಮೈಯವರು ಹೆಚ್ಚು ಭಾರ ಎತ್ತುತ್ತಾರೆ, ಅದು ನಿಜ. ಆದರೆ ಎಷ್ಟು ಹೆಚ್ಚು? ಸ್ನಾಯುವಿನ ಬಲ ಮುಖ್ಯವಾಗಿ ಅದರ ದಪ್ಪವನ್ನು, ಅಂದರೆ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ಮೈತೂಕ ಘನಫಲವನ್ನು ಅವಲಂಬಿಸಿದೆ. ಒಂದು ಘನದ ಬಾಹುವನ್ನು ಎರಡು ಪಟ್ಟು ಮಾಡಿ. ವಿಸ್ತೀರ್ಣ 4 ಪಟ್ಟು ಆಗುತ್ತದೆ, ಘನಫಲ 8 ಪಟ್ಟು! ಬಲಕ್ಕಿಂತ ತೂಕ ಬೇಗ ಏರುತ್ತದೆ. ಗಾತ್ರದ ಈ ಗುಟ್ಟನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಇರುವೆ ತನಗಿಂತ ಭಾರದ ಕಾಳು ಹೊತ್ತು ನಡೆಯುವುದಕ್ಕೂ ಇದೇ ಕಾರಣ.

ಪ್ಯಾರಾಲಿಂಪಿಕ್ಸ್‌ನ ಪವರ್‌ಲಿಫ್ಟಿಂಗ್‌ನಲ್ಲಿ ಇರುವುದು ಬೆಂಚ್ ಪ್ರೆಸ್ ಒಂದೇ. ಕಾಲುಗಳಲ್ಲಿ ಅಂಗವೈಕಲ್ಯ ಇರುವ ಕ್ರೀಡಾಪಟುಗಳು ಅಲ್ಲಿ ತೋಳಿನ ಬಲ ತೋರಿಸುತ್ತಾರೆ. 2016ರ ರಿಯೋ ಕ್ರೀಡಾಕೂಟದಲ್ಲಿ 49 ಕೆಜಿ ವಿಭಾಗದ ಚಿನ್ನ ಗೆದ್ದ ವಿಯೆಟ್ನಾಂನ ಲೆ ವಾನ್ ಕಾಂಗ್ 181 ಕೆಜಿ ಎತ್ತಿದರು. ಅದೇ ವಿಭಾಗದಲ್ಲಿ ನಮ್ಮ ಬೆಂಗಳೂರಿನ ಫರ್ಮಾನ್ ಬಾಷಾ 140 ಕೆಜಿ ಎತ್ತಿ ನಾಲ್ಕನೆಯವರಾದರು. 107 ಕೆಜಿಗಿಂತ ಮೇಲಿನವರ ವಿಭಾಗದಲ್ಲಿ ಇರಾನಿನ ಸಿಯಾಮಂದ್ ರಹಮಾನ್ ಎತ್ತಿದ್ದು 310 ಕೆಜಿ.

ಈಗ ಭಾಗಿಸಿ ನೋಡಿ. ರಹಮಾನ್ ಮೈತೂಕ ಲೆ ವಾನ್ ಕಾಂಗ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಎತ್ತಿದ ಭಾರ ಮಾತ್ರ 1.7 ಪಟ್ಟು. ಲೆ ವಾನ್ ಕಾಂಗ್ ತಮ್ಮ ತೂಕದ ಸುಮಾರು 3.7 ಪಟ್ಟು ಎತ್ತಿದರು, ರಹಮಾನ್ 2.9 ಪಟ್ಟಿಗಿಂತ ಕಡಿಮೆ. ಇಬ್ಬರಲ್ಲಿ ಯಾರು ಗಟ್ಟಿ? ಏನನ್ನು ಅಳೆಯುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಮೈತೂಕದ ವಿಭಾಗಗಳು. ನಮ್ಮ ಎತ್ತುಗಳ ಹಲ್ಲಿನ ಲೆಕ್ಕವೂ ಇದೇ ತರಹದ್ದು. ಆದರೆ ತೋಳಿನ ಉದ್ದಕ್ಕೆ ಮಾತ್ರ ಎಲ್ಲೂ ವಿಭಾಗ ಇಲ್ಲ!

ಉದ್ದ ಕೈ ಶಾಪವಲ್ಲ

ಉದ್ದ ಕೈಗೂ ಅದರದ್ದೇ ಲಾಭ ಇದೆ. ನೆಲದ ಮೇಲಿನ ಭಾರವನ್ನು ಕೈ ಇಳಿಬಿಟ್ಟು ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಉದ್ದ ಕೈಯವರು ಹೆಚ್ಚು ಬಾಗಬೇಕಿಲ್ಲ, ಭಾರ ಸಾಗುವ ದೂರವೂ ಕಡಿಮೆ. ಜಾವೆಲಿನ್ ಎಸೆತದಲ್ಲಿ ಉದ್ದ ತೋಳಿನ ತುದಿ ಹೆಚ್ಚು ವೇಗ ಪಡೆಯಬಹುದು. ಕಬಡ್ಡಿಯಲ್ಲಿ ಕೈ ದೂರ ಮುಟ್ಟುತ್ತದೆ.

ನಿಮ್ಮ ವಯಸ್ಸಿನ ಮಾತೂ ಇದೆ. ಎತ್ತರ ಸರ್ರನೆ ಏರುವ ಕಾಲ ಸಾಮಾನ್ಯವಾಗಿ ಹುಡುಗಿಯರಿಗೆ 11–12ರ ಸುಮಾರು, ಹುಡುಗರಿಗೆ 13–14ರ ಸುಮಾರು. ಆಗ ಕೈಕಾಲಿನ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ತುಂಬಿಕೊಳ್ಳುವುದು ಆಮೇಲೆ. ನಡುವಿನ ಆ ದಿನಗಳಲ್ಲಿ ಸನ್ನೆ ಉದ್ದವಾಗಿರುತ್ತದೆ, ಎಳೆಯುವ ಹಗ್ಗ ಇನ್ನೂ ತೆಳ್ಳಗಿರುತ್ತದೆ. ಹೋದ ವರ್ಷ ಸಲೀಸಾಗಿ ಹೊಡೆದಷ್ಟು ದಂಡ ಈ ವರ್ಷ ಕಷ್ಟ ಅನಿಸಿದರೆ ಹೆದರಬೇಡಿ. ಊಟ, ನಿದ್ದೆ, ನಿತ್ಯದ ವ್ಯಾಯಾಮ ಇದ್ದರೆ ಸ್ನಾಯು ಬಂದು ಲೆಕ್ಕ ಸರಿಮಾಡುತ್ತದೆ. ತರಬೇತಿ, ತಂತ್ರ, ರೂಢಿ ಇವುಗಳ ಪಾಲು ತೋಳಿನ ಉದ್ದಕ್ಕಿಂತ ದೊಡ್ಡದು.

ಒಂದು ಎಚ್ಚರಿಕೆ. ಬೆಂಚ್ ಪ್ರೆಸ್ಸನ್ನು ಯಾರೂ ಒಬ್ಬರೇ ಮಾಡಬಾರದು. ಕೈ ಸೋತರೆ ಸರಳು ಎದೆ ಅಥವಾ ಕುತ್ತಿಗೆಯ ಮೇಲೆ ಬೀಳುತ್ತದೆ. ಗೆಳೆಯನ ಜೊತೆ ಪಂಥ ಕಟ್ಟಿ ಭಾರ ಏರಿಸುವುದಂತೂ ಬೇಡವೇ ಬೇಡ. ನಿಮಗೆ ಈಗ ದಂಡವೇ ಸಾಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ನಿಂತು ತೂಕ ನೋಡುವ ಯಂತ್ರ, ಅಳತೆ ಟೇಪು, ನೋಟ್‌ಬುಕ್.

1. ಎರಡೂ ಅಂಗೈಗಳನ್ನು ತೂಕದ ಯಂತ್ರದ ಮೇಲೆ ಊರಿ ದಂಡದ ಭಂಗಿಯಲ್ಲಿ ನಿಲ್ಲಿ. ಮೇಲಿದ್ದಾಗ ಒಮ್ಮೆ, ಕೆಳಗಿಳಿದಾಗ ಒಮ್ಮೆ ಗೆಳೆಯರು ತೂಕ ಓದಲಿ. ಎರಡರ ಸರಾಸರಿ ತೆಗೆಯಿರಿ. ಅದು ಸುಮಾರು ನಿಮ್ಮ ತೂಕದ ಮೂರನೇ ಎರಡು ಭಾಗದಷ್ಟು ಬರುತ್ತದೆ.
2. ಕೆಳಗಿನಿಂದ ಮೇಲಕ್ಕೆ ಭುಜ ಎಷ್ಟು ಎತ್ತರ ಸಾಗಿತು ಅಂತ ಅಳೆಯಿರಿ.
3. ಸರಾಸರಿ (ಕೆಜಿ) × 9.8 × ಎತ್ತರ (ಮೀಟರ್). ಇದು ಒಂದು ದಂಡದಲ್ಲಿ ಮೈಯನ್ನು ಮೇಲೆತ್ತಿದ ಕೆಲಸ. ದಂಡಗಳ ಸಂಖ್ಯೆಯಿಂದ ಗುಣಿಸಿ.

ಉದಾಹರಣೆಗೆ, ಗಿಡ್ಡ ಹುಡುಗನ ಸರಾಸರಿ 29 ಕೆಜಿ, ಎತ್ತರ 0.25 ಮೀಟರ್ ಅನ್ನೋಣ. ಒಂದು ದಂಡಕ್ಕೆ ಸುಮಾರು 71 ಜೂಲ್, 20 ದಂಡಕ್ಕೆ ಸುಮಾರು 1421 ಜೂಲ್. ಎತ್ತರದವನದು 34 ಕೆಜಿ, 0.32 ಮೀಟರ್. ಒಂದಕ್ಕೆ ಸುಮಾರು 107 ಜೂಲ್, 14ಕ್ಕೆ ಸುಮಾರು 1493 ಜೂಲ್.

ನೋಡಿದಿರಾ? 14 ಹೊಡೆದವನೇ ಹೆಚ್ಚು ಕೆಲಸ ಮಾಡಿದ್ದಾನೆ. ನಿಮ್ಮ ತರಗತಿಯಲ್ಲಿ ಹುಡುಗರು, ಹುಡುಗಿಯರು ಎಲ್ಲರೂ ಅಳೆದು ಒಂದು ಕೋಷ್ಟಕ ಮಾಡಿ. ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಆಗ ಪಕ್ಕದವರ ಸಾಲು ಬಿಟ್ಟು, ನಿಮ್ಮದೇ ಹಳೆಯ ಸಾಲಿನ ಜೊತೆ ಹೋಲಿಸಿ ನೋಡಿ.